ಬಿದ್ದ ಗಾಯ

ನನ್ನ ಗಂಡ ಸಾರುವೆಯಿಂದ ಬಿದ್ದ ಎಂದು ಮೊದಲು ಹೇಳಿದವಳು ನಾನೇ. ಸರ್ಕಾರ ಆಮೇಲೆ ಹೇಳಿತು.

ಅವನು ಬಣ್ಣದವನು. ಇಪ್ಪತ್ತೆರಡು ವರ್ಷ ಕಟ್ಟಡಗಳ ಹೊರಗೋಡೆಗೆ ಬಣ್ಣ ಹೊಡೆದವನು. ನಾಲ್ಕು ಗಳ, ಎರಡು ಹಲಗೆಯ ಸಾರುವೆ, ಸೊಂಟಕ್ಕೊಂದು ಹಗ್ಗ. ಅಷ್ಟನ್ನೇ ನಂಬಿ ನಾಲ್ಕನೇ ಮಹಡಿಯ ಎತ್ತರದಲ್ಲಿ ನಿಂತು ಬೀಡಿ ಸೇದುತ್ತಿದ್ದ. ಒಂದು ಸಲವೂ ಬಿದ್ದಿಲ್ಲ. ನಾನೂ ಅವನ ಜೊತೆಗೇ ಕೆಲಸಕ್ಕೆ ಹೋಗುತ್ತಿದ್ದೆ. ಗೋಡೆಗೆ ಪುಟ್ಟಿ ಹಚ್ಚುವುದು, ಒಣಗಿದ ಮೇಲೆ ಸ್ಯಾಂಡ್ ಪೇಪರಿನಲ್ಲಿ ಉಜ್ಜುವುದು ನನ್ನ ಕೆಲಸ. ಸಂಜೆಯ ಹೊತ್ತಿಗೆ ಹುಬ್ಬು, ರೆಪ್ಪೆ, ಮೂಗಿನ ಹೊಳ್ಳೆ ಎಲ್ಲ ಬೆಳ್ಳಗಾಗಿರುತ್ತಿದ್ದವು. ಅವನು ನನ್ನನ್ನು ಪುಟ್ಟಿ ಅಂತಲೇ ಕರೆಯುತ್ತಿದ್ದ. ಕೇಳಿದವರು ಮುದ್ದಿಗೆ ಅಂದುಕೊಳ್ಳುತ್ತಿದ್ದರು. "ಮುದ್ದೂ ಇಲ್ಲ ಗಿದ್ದೂ ಇಲ್ಲ, ಗೋಡೆಗೆ ಹಚ್ಚೋ ಪುಟ್ಟಿ," ಎಂದು ನಗುತ್ತಿದ್ದ.

ಆ ದಿನ ನನಗೆ ಜ್ವರ. ಅವನೊಬ್ಬನೇ ಹೋದ. ಒಂದು ಶೆಡ್ಡಿನ ಕಬ್ಬಿಣದ ಕಂಬಗಳಿಗೆ ತುಕ್ಕು ಹಿಡಿಯದ ಹಾಗೆ ರೆಡ್ ಆಕ್ಸೈಡ್ ಹೊಡೆಯುವ ಕೆಲಸ. ಕೆಂಪು ಬಣ್ಣ. ಎಷ್ಟು ಎಚ್ಚರವಾಗಿದ್ದರೂ ಅಂಗಿಗೆ ಸಿಡಿಯುತ್ತದೆ. ಸಂಜೆ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಪೊಲೀಸ್ ವ್ಯಾನು ಬಂತು. ಮಧ್ಯಾಹ್ನ ಯಾರೋ ಒಂದು ಅಂಗಡಿಯ ಕಾವಲುಗಾರನಿಗೆ ಚಾಕು ಹಾಕಿ ಓಡಿಹೋಗಿದ್ದನಂತೆ. ಇವನ ಅಂಗಿಯ ಮೇಲೆ ಕೆಂಪು. ಕಾಲಲ್ಲಿ ಹರಿದ ಚಪ್ಪಲಿ. ಅವರಿಗೆ ಅಷ್ಟು ಸಾಕಾಯಿತು.

"ಬಣ್ಣ ಸಾರ್, ಬೇಕಾದ್ರೆ ಮೂಸಿ ನೋಡಿ," ಅಂದನಂತೆ ಇವನು.

ಇನ್ಸ್‌ಪೆಕ್ಟರ್ ಬಗ್ಗಿ ಮೂಸಿದನಂತೆ. ಬಣ್ಣದ ವಾಸನೆ ಮೂರು ಮಾರು ದೂರಕ್ಕೂ ಬರುತ್ತದೆ. ಮೂಸಿ, ನೆಟ್ಟಗೆ ನಿಂತು, ಆಮೇಲೆ ಕೆನ್ನೆಗೆ ಹೊಡೆದನಂತೆ. ಅಲ್ಲಿ ಕಡಲೆಕಾಯಿ ಮಾರುವ ಹೆಂಗಸು ಇದನ್ನೆಲ್ಲ ನೋಡಿದ್ದಳು. ಅವಳೇ ಬಂದು ನನಗೆ ಹೇಳಿದಳು. ಮುಂದೆ ಕೇಸು ನಡೆಯುವಾಗ ಕೋರ್ಟಿಗೆ ಬಂದು ಹೇಳು ಎಂದರೆ, "ಅಕ್ಕಾ, ನಾನು ದಿನಾ ಅಲ್ಲೇ ಕೂರಬೇಕಲ್ಲ," ಎಂದಳು.

ನಾನು ಎರಡು ದಿನ ಪೊಲೀಸ್ ಠಾಣೆಯ ಹೊರಗಿನ ಕಲ್ಲುಬೆಂಚಿನ ಮೇಲೆ ಕೂತಿದ್ದೆ. ಬಾಗಿಲ ಹತ್ತಿರ ಒಬ್ಬ ಮುಖ್ಯ ಪೇದೆ ಮೇಜಿನ ಹಿಂದೆ ಕೂತು ಬರೆಯುತ್ತಿದ್ದ. ಕೇಳಿದಾಗಲೆಲ್ಲ ತಲೆಯೆತ್ತದೆ, "ಅಂಥವರು ಯಾರೂ ಇಲ್ಲಿಲ್ಲಮ್ಮಾ," ಎನ್ನುತ್ತಿದ್ದ.

ಎರಡನೇ ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಹಿಂದಿನ ಕೋಣೆಯಿಂದ ಕೂಗು ಕೇಳಿಸಿತು. ಅವನ ದನಿ ನನಗೆ ಗೊತ್ತು. ನಾಲ್ಕನೇ ಮಹಡಿಯಿಂದ "ಪುಟ್ಟಿ, ಬಕೆಟ್ಟು ಕಳಿಸು" ಎಂದು ಕೂಗುವ ದನಿ. ಇದು ಅದಲ್ಲ ಎಂದುಕೊಂಡೆ. ಇದು ಯಾವುದೋ ದನದ್ದು ಎಂದುಕೊಂಡೆ. ಮತ್ತೆ ಕೇಳಿಸಿತು. ನಾನು ಎದ್ದು ರಸ್ತೆ ದಾಟಿ ಆಚೆ ಬದಿಗೆ ಹೋಗಿ ನಿಂತೆ. ಅಲ್ಲಿ ಬಸ್ಸುಗಳ ಸದ್ದು ಜೋರು. ಅರ್ಧ ಗಂಟೆ ನಿಂತಿದ್ದೆ. ಎಷ್ಟು ಬಸ್ಸು ಹೋದವು ಎಂದು ಈಗಲೂ ಹೇಳಬಲ್ಲೆ. ಹದಿನಾಲ್ಕು.

ಮೂರನೇ ದಿನ ಚಾಕು ಹಾಕಿದವನು ಬೇರೆಲ್ಲೋ ಸಿಕ್ಕ. ಇವನನ್ನು ಹಿಂಬಾಗಿಲಿನಿಂದ ತಂದು ನಿಲ್ಲಿಸಿದರು. ಎರಡು ಕೈಯೂ ಅವನವಲ್ಲದ ಹಾಗೆ ಪಕ್ಕದಲ್ಲಿ ನೇತಾಡುತ್ತಿದ್ದವು. ಇನ್ಸ್‌ಪೆಕ್ಟರ್ ನನ್ನ ಕಡೆ ತಿರುಗಿದ.

"ಆಸ್ಪತ್ರೆಗೆ ಕರ್ಕೊಂಡು ಹೋಗು. ಬಣ್ಣದವನು ತಾನೆ? ಕೆಲಸ ಮಾಡ್ವಾಗ ಬಿದ್ದ ಅಂತ ಬರೆಸು. ಬೇರೆ ಏನಾದ್ರೂ ಬಾಯಿ ಬಿಟ್ಟರೆ ಮತ್ತೆ ಬರ್ತೀವಿ. ಆಗ ನೀನೂ ಒಳಗೆ."

ಆಸ್ಪತ್ರೆಯಲ್ಲಿ ಡಾಕ್ಟರು ಪೆನ್ನು ಹಿಡಿದು ಕೇಳಿದರು.

"ಏನಾಯ್ತು?"

"ಬಿದ್ರು."

"ಎಲ್ಲಿಂದ?"

"ಸಾರುವೆಯಿಂದ."

"ಎಷ್ಟು ಎತ್ತರ?"

ಸುಳ್ಳಿಗೂ ಅಳತೆ ಬೇಕು ಎಂದು ನನಗೆ ಗೊತ್ತಿರಲಿಲ್ಲ. "ಎರಡನೇ ಮಹಡಿ," ಎಂದೆ. ಗಂಡ ನನ್ನನ್ನೇ ನೋಡುತ್ತಿದ್ದ. ಡಾಕ್ಟರು ಅವನ ಎರಡೂ ಮಣಿಕಟ್ಟಿನಲ್ಲಿ ಸುತ್ತಲೂ ಸುಲಿದಿದ್ದ ಚರ್ಮ ನೋಡಿದರು. ನೋಡಿದರು ಎಂದು ನನಗೆ ಗೊತ್ತು. ಮುಖ ತಗ್ಗಿಸಿ ನಾನು ಹೇಳಿದ್ದನ್ನು ಚೀಟಿಯಲ್ಲಿ ಇಳಿಸಿ, ಕೊನೆಗೆ ಎರಡು ಪದ ಬರೆದರು. ಬಿದ್ದ ಗಾಯ.

ಭುಜದ ಕೀಲುಗಳನ್ನು ಸ್ವಸ್ಥಾನಕ್ಕೆ ಕೂರಿಸಿದರು. ನರಗಳು ಮಾತ್ರ ಹೋಗಿಬಿಟ್ಟಿದ್ದವು. ಎಡಗೈ ಆರು ತಿಂಗಳಿಗೆ ಎದೆಯ ಮಟ್ಟಕ್ಕೆ ಬಂತು. ಬಲಗೈ ಬರಲೇ ಇಲ್ಲ. ಒಂದು ದಿನ ಒಲೆಯ ಪಕ್ಕ ಕೂತಿದ್ದಾಗ ಸುಟ್ಟ ವಾಸನೆ ಬಂತು. ಪಾತ್ರೆ ತಳ ಹಿಡಿಯಿತು ಎಂದುಕೊಂಡೆ. ಅವನ ಬಲಗೈ ಬೆರಳು. ಅವನು ಅದನ್ನೇ ನೋಡುತ್ತ ಕೂತಿದ್ದ, ಯಾರದೋ ಬೆರಳನ್ನು ನೋಡುವ ಹಾಗೆ.

ನಾನು ಅವನ ಅಂಗಿಯ ಗುಂಡಿ ಹಾಕಿದೆ. ಸ್ನಾನ ಮಾಡಿಸಿದೆ. ತುತ್ತು ಕೊಟ್ಟೆ. ಕಕ್ಕಸಿಗೆ ಹೋಗಿ ಬಂದ ಮೇಲೆ ತೊಳೆದೆ. ಮೊದಲ ಸಲ ತೊಳೆದಾಗ ಅವನು ಗೋಡೆಗೆ ಹಣೆ ಒತ್ತಿ ನಿಂತಿದ್ದ. ಹತ್ತನೇ ಸಲಕ್ಕೆ ಇಬ್ಬರಿಗೂ ಏನೂ ಅನ್ನಿಸಲಿಲ್ಲ. ಒಳಗೆ ಏನಾಯಿತು ಎಂದು ನಾನು ಕೇಳಲಿಲ್ಲ. ಅವನು ಹೇಳಲಿಲ್ಲ. ಹೊರಗೆ ನನಗೆ ಏನು ಕೇಳಿಸಿತು ಎಂದು ನಾನೂ ಹೇಳಲಿಲ್ಲ.

ಹೊಟ್ಟೆ ಕೇಳಬೇಕಲ್ಲ. ನಾನು ಸಾರುವೆ ಹತ್ತಿದೆ. ನಲವತ್ತನೇ ವಯಸ್ಸಿಗೆ ಮೊದಲ ಸಲ. ಮೇಸ್ತ್ರಿ ನಕ್ಕ. ಮೊದಲ ದಿನ ಮೇಲೆ ನಿಂತಾಗ ಎರಡು ಕೈಯಲ್ಲೂ ಗಳ ಹಿಡಿದುಕೊಂಡೆ. ಗಂಡ ಕೆಳಗೆ ನಿಂತು ಹೇಳುತ್ತಿದ್ದ. "ಕೆಳಗೆ ನೋಡಬೇಡ. ಗೋಡೆ ನೋಡು. ರೋಲರ್‌ನ ಕೆಳಗಿಂದ ಮೇಲಕ್ಕೆ ತಗೋ." ಅವನ ಕೈ ಮಾಡುತ್ತಿದ್ದುದನ್ನು ಈಗ ಅವನ ಬಾಯಿ ಮಾಡುತ್ತಿತ್ತು. ಸಂಜೆ ನನ್ನ ಭುಜ ಬೆಂಕಿ ಬಿದ್ದ ಹಾಗೆ ಉರಿಯಿತು. ಉರಿಯುತ್ತಿದೆ ಎಂದು ಅವನೆದುರು ಹೇಳುವ ಹಾಗಿರಲಿಲ್ಲ.

ಒಂದು ಬೆಳಿಗ್ಗೆ ನಾನು ಅವನಿಗೆ ಅಂಗಿ ತೊಡಿಸುತ್ತಿದ್ದೆ.

"ವಕೀಲರ ಹತ್ರ ಹೋಗೋಣ," ಎಂದ.

"ಯಾಕೆ?"

"ನಾನು ಬಿದ್ದಿಲ್ಲ."

ವಕೀಲೆಯ ಕಚೇರಿ ಒಂದು ಜೆರಾಕ್ಸ್ ಅಂಗಡಿಯ ಮೇಲಿತ್ತು. ಸಣ್ಣ ಕೋಣೆ, ತುಂಬ ಕಡತ, ಒಂದೇ ಕುರ್ಚಿ. ಅದರಲ್ಲಿ ಗಂಡನನ್ನು ಕೂರಿಸಿ ಅವರು ಮೇಜಿನ ಅಂಚಿಗೆ ಒರಗಿ ನಿಂತರು.

"ಆ ಇನ್ಸ್‌ಪೆಕ್ಟರ್ ಒಬ್ಬನ ಮೇಲಲ್ಲ, ಸರ್ಕಾರದ ಮೇಲೇ ದಾವೆ ಹಾಕಬೇಕು," ಎಂದರು. "ಅವನಿಗೆ ಸಮವಸ್ತ್ರ ಕೊಟ್ಟಿದ್ದು ಸರ್ಕಾರ. ಲಾಠಿ ಕೊಟ್ಟಿದ್ದು ಸರ್ಕಾರ. ಅವನು ಮುರಿದಿದ್ದಕ್ಕೆ ಉತ್ತರ ಕೊಡಬೇಕಾದ್ದೂ ಸರ್ಕಾರವೇ. ನಿಮ್ಮಿಬ್ಬರ ಹೆಸರಲ್ಲೂ ಹಾಕೋಣ. ಆದ್ರೆ ಒಂದು ಮಾತು ಈಗಲೇ ಹೇಳಿಬಿಡ್ತೀನಿ. ಬೇಗ ಮುಗಿಯಲ್ಲ."

ಮೊದಲು ಸರ್ಕಾರಕ್ಕೆ ನೋಟಿಸು ಕೊಟ್ಟು ಎರಡು ತಿಂಗಳು ಕಾಯಬೇಕಂತೆ. ನಮ್ಮಂಥವರನ್ನು ಹಿಡಿಯಲು ಬರುವಾಗ ಪೊಲೀಸರು ಎರಡು ನಿಮಿಷವೂ ಕಾಯುವುದಿಲ್ಲ. ಕಾದೆವು. ಉತ್ತರ ಬಂತು. ಅಂಥ ವ್ಯಕ್ತಿಯನ್ನು ಠಾಣೆಗೆ ಕರೆತಂದೇ ಇಲ್ಲ. ಸದರಿ ವ್ಯಕ್ತಿ ಕೆಲಸದ ಸ್ಥಳದಲ್ಲಿ ಎತ್ತರದಿಂದ ಬಿದ್ದು ಗಾಯಗೊಂಡಿರುತ್ತಾನೆ. ಆಸ್ಪತ್ರೆಯ ದಾಖಲೆ ಲಗತ್ತಿಸಿದೆ.

ವಕೀಲೆ ಆ ಹಾಳೆ ತೋರಿಸಿದರು. "ಇದನ್ನ ಬರೆಸಿದ್ದು ಯಾರು?"

"ನಾನು," ಎಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನನ್ನ ಅಣ್ಣ ಒಂದು ಸರ್ಕಾರಿ ಕಚೇರಿಯಲ್ಲಿ ಡ್ರೈವರ್. ಕೇಸು ಹಾಕಿದ್ದು ಗೊತ್ತಾದ ದಿನವೇ ಓಡಿ ಬಂದ. "ಕೋರ್ಟಲ್ಲಿ ಗೆದ್ದವ ಸೋತ, ಸೋತವ ಸತ್ತ ಅಂತ ಹಿರಿಯರು ಸುಮ್ನೆ ಹೇಳಿದ್ರಾ? ಅದೂ ಸರ್ಕಾರದ ಮೇಲೆ! ಬಂಡೆಗೆ ತಲೆ ಚಚ್ಚಿಕೊಂಡ್ರೆ ಬಂಡೆ ಒಡೆಯುತ್ತಾ?"

ನನಗೆ ಅಣ್ಣನ ಮಾತೇ ಸರಿ ಅನ್ನಿಸಿತ್ತು.

ನಾಲ್ಕು ವರ್ಷ ಓಡಾಡಿದೆವು. ಕೋರ್ಟು ಕೈಬಿಚ್ಚಿ ಕೊಡುವುದು ಒಂದನ್ನೇ, ತಾರೀಕು. ಸರ್ಕಾರಿ ವಕೀಲರಿಗೆ ಹುಷಾರಿಲ್ಲ, ತಾರೀಕು. ಕಡತ ಸಿಗಲಿಲ್ಲ, ತಾರೀಕು. ಜಡ್ಜಿಗೆ ವರ್ಗವಾಯಿತು, ತಾರೀಕು. ಹೋದ ದಿನವೆಲ್ಲ ಕೂಲಿ ಇಲ್ಲ. ಮೊಗಸಾಲೆಯಲ್ಲಿ ನಿಂತು ನಿಂತು ಕೋರ್ಟಿನ ಗೋಡೆಗಳೆಲ್ಲ ನನಗೆ ಬಾಯಿಪಾಠವಾದವು. ಆ ದಿನ ಅವನು ಎಲ್ಲಿದ್ದ, ಯಾವ ಕೆಲಸದಲ್ಲಿದ್ದ ಎಂದು ಬಂದು ಹೇಳುತ್ತೇನೆ ಎಂದಿದ್ದ ಮೇಸ್ತ್ರಿ ಬರಲಿಲ್ಲ. ಅಷ್ಟು ಹೊತ್ತಿಗೆ ಅವನಿಗೆ ಸರ್ಕಾರಿ ಕ್ವಾರ್ಟರ್ಸಿನ ಬಣ್ಣದ ಗುತ್ತಿಗೆ ಸಿಕ್ಕಿತ್ತು. ಮುಖ್ಯ ಪೇದೆ ಮಾತ್ರ ಬಂದ. ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ ಸರ್ಕಾರದ ಪರ ಕಟಕಟೆ ಹತ್ತಿ, "ಅಂಥವರು ಯಾರೂ ಅಲ್ಲಿರಲಿಲ್ಲ," ಎಂದು ಹೇಳಿ ಇಳಿದು ಹೋದ.

ನಾಲ್ಕನೇ ವರ್ಷ ಅಣ್ಣನ ಮೂಲಕ ಕರೆ ಬಂತು. ರಾಜಿ ಮಾಡಿಕೊಳ್ಳೋಣ ಎಂದು. ವಕೀಲೆಗೆ ಹೇಳದೆ ಹೋದೆವು. ನಾನೇ ಹೊರಡಿಸಿದೆ. ಸರ್ಕಾರಿ ವಕೀಲರ ಕೋಣೆಯಲ್ಲಿ ಫ್ಯಾನು ತಣ್ಣಗೆ ತಿರುಗುತ್ತಿತ್ತು. ಟೀ ತರಿಸಿದರು. ಹಾಳೆ ಮೊದಲೇ ಟೈಪಾಗಿತ್ತು. ಸರ್ಕಾರಿ ವಕೀಲರು ಓದಿ ಹೇಳಿದರು. ವಾದಿಯು ಸಾರುವೆಯಿಂದ ಬಿದ್ದು ಗಾಯಗೊಂಡಿದ್ದು ನಿಜ. ಆದರೂ ಅವನ ಬಡತನ ನೋಡಿ ಮಾನವೀಯ ದೃಷ್ಟಿಯಿಂದ ಸರ್ಕಾರ ಪರಿಹಾರ ನೀಡುತ್ತಿದೆ.

"ಸಹಿ ಹಾಕು ಭಾವಾ," ಎಂದ ಅಣ್ಣ. "ಒಂದು ಸಹಿ. ನನ್ನ ತಂಗಿ ಮುಖ ನೋಡು. ಇನ್ನೆಷ್ಟು ವರ್ಷ ಅವಳು ಗೋಡೆ ಹತ್ತಬೇಕು?"

"ಕೈ ಬರಲ್ಲ," ಎಂದ ಗಂಡ.

"ಹೆಬ್ಬೆಟ್ಟಾದ್ರೂ ನಡೆಯುತ್ತೆ," ಎಂದರು ಸರ್ಕಾರಿ ವಕೀಲರು.

ಗುಮಾಸ್ತ ಬಂದು ಅವನ ಬಲಗೈ ಎತ್ತಿದ. ಅದು ಎದ್ದಿತು. ಹೆಬ್ಬೆರಳನ್ನು ಶಾಯಿಯ ಪ್ಯಾಡಿಗೆ ಒತ್ತಿದ. ಒತ್ತಿಸಿಕೊಂಡಿತು. ನಾನು ನೋಡುತ್ತಿದ್ದೆ. ಬೇಗ ಆಗಲಿ ಎಂದುಕೊಳ್ಳುತ್ತಿದ್ದೆ. ಹೆಬ್ಬೆರಳು ಹಾಳೆಗೆ ಇನ್ನೇನು ತಾಗಬೇಕು, ಗಂಡ ತನ್ನ ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದ. ಸತ್ತ ಇಲಿಯನ್ನು ಎತ್ತಿ ಪಕ್ಕಕ್ಕಿಡುವ ಹಾಗೆ ಅದನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

"ಈ ಕೈ ಯಾರು ಎತ್ತಿದ್ರೂ ಏಳುತ್ತೆ," ಎಂದ. "ನಾನು ಏಳಲ್ಲ."

"ಏನು ಬೇಕಯ್ಯಾ ನಿನಗೆ? ಜಾಸ್ತಿ ಬೇಕಾ?"

"ಬಿದ್ದ ಅನ್ನೋದನ್ನ ತೆಗೀರಿ. ಆಮೇಲೆ ಒಂದು ಪೈಸೆನೂ ಕೊಡಬೇಡಿ. ಒತ್ತುತೀನಿ."

ಸರ್ಕಾರಿ ವಕೀಲರು ಹಾಳೆಯನ್ನು ಕಡತಕ್ಕೆ ಸೇರಿಸಿ ದಾರ ಕಟ್ಟಿದರು. ಅಣ್ಣ ಅವತ್ತಿನಿಂದ ನಮ್ಮ ಮನೆಗೆ ಬರುವುದು ಬಿಟ್ಟ. ನಾನು ದಾರಿಯುದ್ದಕ್ಕೂ ಗಂಡನಿಗಿಂತ ಮುಂದೆ ನಡೆದೆ. ಸಿಟ್ಟು ಬಂದಿತ್ತು. ಅವನು ಸತ್ಯ ಹಿಡಿದು ಕೂತಿರಬಹುದು. ಸಾರುವೆ ಹತ್ತುವವಳು ನಾನು.

ಅದಾದ ತಿಂಗಳಿಗೆ ಅವನ ಸಾಕ್ಷಿ. ನಾನೂ ವಾದಿಯಾದ್ದರಿಂದ ಒಳಗೇ ಕೂತಿದ್ದೆ. ಠಾಣೆಯೊಳಗೆ ನಡೆದದ್ದನ್ನು ಅವನ ಬಾಯಿಂದ ನಾನು ಕೇಳಿದ್ದು ಅವತ್ತೇ, ಊರವರೆಲ್ಲ ಕೇಳುವಾಗ.

ಯಾವ ಗೋಡೆಗೆ ಎಷ್ಟು ಲೀಟರ್ ಬೇಕು ಎಂದು ಹೇಳುವ ದನಿಯಲ್ಲಿ ಹೇಳಿದ. "ಕೈ ಹಿಂದಕ್ಕೆ ಕಟ್ಟಿದ್ರು. ಹಗ್ಗ ಕಿಟಕಿ ಸರಳಿನ ಮೇಲಿಂದ ಹಾಕಿ ಎಳೆದ್ರು. ಕಾಲು ನೆಲ ಬಿಟ್ಟಿತು. ಮೊದಲು ಬಲಭುಜ ಕಳಚ್ತು. ಸದ್ದು ಬಂತು. ಎಡಭುಜ ಆಮೇಲೆ. ಒಬ್ಬರು ಕಾಲು ಹಿಡ್ಕೊಂಡು ಜಗ್ಗಿದ್ರು."

ನಾನು ಜಡ್ಜಿನ ಹಿಂದಿನ ಗೋಡೆ ನೋಡಿದೆ. ಮೇಲಿನ ಮೂಲೆಯಲ್ಲಿ ನೀರು ಇಳಿದಿತ್ತು. ಪುಟ್ಟಿ ಹಚ್ಚಿದವರು ಸರಿಯಾಗಿ ಉಜ್ಜಿರಲಿಲ್ಲ. ಕರಣೆಯ ಗೀರು ಹಾಗೇ ಕಾಣುತ್ತಿತ್ತು. ಎರಡು ಕೋಟು ಹೊಡೆಯಬೇಕಾದಲ್ಲಿ ಒಂದೇ ಹೊಡೆದು ಬಿಲ್ಲು ಮಾಡಿದ್ದಾರೆ. ಅದನ್ನು ಕೆರೆದು ಮತ್ತೆ ಮಾಡಲು ನನಗಾದರೆ ಎರಡು ದಿನ ಸಾಕು ಎಂದು ಲೆಕ್ಕ ಹಾಕಿದೆ.

ಸರ್ಕಾರಿ ವಕೀಲರು ಎದ್ದರು. "ಸಾರುವೆ ಮೇಲೆ ಕೆಲಸ ಮಾಡುವಾಗ ಹಗ್ಗ ಕಟ್ಕೊಳ್ತೀಯಾ ಇಲ್ವಾ?"

"ಕಟ್ಕೊಳ್ತೀನಿ."

"ಮಣಿಕಟ್ಟಿನ ಗುರುತು ಆ ಹಗ್ಗದ್ದೇ."

"ಅದು ಸೊಂಟಕ್ಕೆ ಕಟ್ಟೋದು ಸ್ವಾಮಿ. ಕೈಗೇ ಕಟ್ಕೊಂಡ್ರೆ ಬಣ್ಣ ಹೊಡೆಯೋದು ಯಾವುದರಲ್ಲಿ?"

ಹಿಂದಿನ ಬೆಂಚಿನವರು ನಕ್ಕರು. ಜಡ್ಜಿಗೂ ನಗು ಬಂತು. ಗಂಡ ನಗಲಿಲ್ಲ. ಅವನು ತಮಾಷೆ ಮಾಡಿರಲಿಲ್ಲ, ಪ್ರಶ್ನೆಯನ್ನೇ ಕೇಳಿದ್ದ.

ಮಧ್ಯಾಹ್ನ ನನ್ನ ಸರದಿ. ಕಟಕಟೆಯ ಮರ ಕೈಯುಜ್ಜಿ ಉಜ್ಜಿ ನುಣುಪಾಗಿತ್ತು. ನಮ್ಮ ವಕೀಲೆ ಕೇಳಿದ್ದಕ್ಕೆಲ್ಲ ಹೇಳಿದೆ. ಬೆಂಚಿನ ಮೇಲೆ ಕೂತಿದ್ದು, ಕೇಳಿದ್ದು, ಯಾರೂ ಇಲ್ಲ ಎಂದಿದ್ದು. ಆಮೇಲೆ ಸರ್ಕಾರಿ ವಕೀಲರು ಆ ಚೀಟಿ ಎತ್ತಿ ಹಿಡಿದರು.

"ಸಾರುವೆಯಿಂದ ಬಿದ್ರು ಅಂತ ಡಾಕ್ಟರಿಗೆ ಹೇಳಿದ್ದು ಯಾರು?"

"ನಾನು."

"ಎರಡನೇ ಮಹಡಿ ಅಂತ ಹೇಳಿದ್ದು?"

"ನಾನೇ."

"ಎರಡು ದಿನ ಠಾಣೆ ಮುಂದೆ ಕೂತಿದ್ದೆ ಅಂತೀಯ. ಒಳಗೆ ಇಷ್ಟೆಲ್ಲ ನಡೀತಾ ಇದ್ರೆ ಹೊರಗೆ ಏನಾದ್ರೂ ಕೇಳಿಸಬೇಕಲ್ಲ. ಏನೂ ಕೇಳಿಸಲಿಲ್ವಾ?"

ನಮ್ಮ ವಕೀಲೆ ಈ ಪ್ರಶ್ನೆಯನ್ನು ನನಗೆ ಎಷ್ಟೋ ಸಲ ಕೇಳಿದ್ದರು. ಪ್ರತಿ ಸಲವೂ ಇಲ್ಲ ಎಂದಿದ್ದೆ. ಇಲ್ಲ ಎಂಬುದು ಬಾಯಲ್ಲಿ ಸಿದ್ಧವಾಗಿಯೇ ಇತ್ತು. ಗಂಡ ಮುಂದಿನ ಬೆಂಚಿನಲ್ಲಿ ಕೂತಿದ್ದ. ಬಲಗೈ ತೊಡೆಯ ಮೇಲೆ ಅಂಗೈ ಮೇಲಾಗಿ ಬಿದ್ದಿತ್ತು.

"ಕೇಳಿಸ್ತು," ಎಂದೆ.

ನಮ್ಮ ವಕೀಲೆ ತಲೆಯೆತ್ತಿದರು.

"ಏನು ಕೇಳಿಸ್ತು?"

"ಅವನು ಕೂಗಿದ್ದು. ಹನ್ನೊಂದು ಗಂಟೆಗೆ. ಅವನೇ ಅಂತ ಗೊತ್ತಾಯ್ತು. ಕೇಳೋಕಾಗದೆ ಎದ್ದು ರಸ್ತೆ ಆಚೆ ಹೋಗಿ ನಿಂತ್ಕೊಂಡೆ."

"ಗಂಡ ಕೂಗ್ತಿದ್ರೆ ಎದ್ದು ಹೋದ್ಯಾ?"

"ಹೋದೆ."

"ಮರುದಿನ ಡಾಕ್ಟರಿಗೆ ಬಿದ್ರು ಅಂದೆ."

"ಅಂದೆ."

"ಯಾಕೆ?"

"ಭಯ."

"ಯಾರ ಭಯ?"

"ನಿಮ್ಮದು," ಎಂದೆ. "ಸರ್ಕಾರದ್ದು."

ಅವರು ಚೀಟಿಯನ್ನು ಮೇಜಿನ ಮೇಲಿಟ್ಟು, "ಈಗ ಭಯ ಹೋಯ್ತಾ?" ಎಂದರು.

"ಇಲ್ಲ. ಈಗಲೂ ಇದೆ. ಕಾಲು ನಡುಗ್ತಾ ಇದೆ, ಬಂದು ನೋಡಿ."

ಯಾರೂ ಬಂದು ನೋಡಲಿಲ್ಲ. ಟೈಪಿಸ್ಟು ಅದನ್ನೂ ಹೊಡೆದ.

ಬಸ್ಸಿನಲ್ಲಿ ಗಂಡನ ಪಕ್ಕ ಕೂತೆ. ಬಸ್ಸು ಮೂರು ನಿಲ್ದಾಣ ದಾಟಿತು. ಆಮೇಲೆ ಅವನು ಕಿಟಕಿಯ ಕಡೆ ನೋಡುತ್ತಲೇ ಹೇಳಿದ.

"ನೀನು ಹೊರಗಿದ್ದೀಯ ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ರೆ ಕೂಗ್ತಿರಲಿಲ್ಲ."

ನಾನು ಅವನ ಬಲಗೈ ಹಿಡಿದುಕೊಂಡೆ. ಹಿಡಿದದ್ದು ಅವನಿಗೆ ಗೊತ್ತಾಗಲಿಲ್ಲ. ತಿರುಗಿ ನೋಡಿದ ಮೇಲೆ ಗೊತ್ತಾಯಿತು.

ತೀರ್ಪು ಬರಲು ಇನ್ನೂ ಏಳು ತಿಂಗಳು ಹಿಡಿಯಿತು. ದಾವೆ ವಜಾ. ಜಡ್ಜಿ ಒಂದು ಸಾಲು ಓದಿ ಮುಂದಿನ ಕಡತ ಎಳೆದುಕೊಂಡರು. ವಕೀಲೆ ಹೊರಗೆ ಕಂಬದ ಹತ್ತಿರ ನಿಂತು ಉಳಿದದ್ದನ್ನು ವಿವರಿಸಿದರು. ಘಟನೆ ಆದ ಕೂಡಲೇ ಬರೆದ ದಾಖಲೆ ಆಸ್ಪತ್ರೆಯದು. ಅದರಲ್ಲಿ ಬಿದ್ದದ್ದೆಂದು ಇದೆ. ಹೆಂಡತಿಯ ಹೇಳಿಕೆ ತಡವಾಗಿ ಬಂದದ್ದು, ನಂಬಲರ್ಹವಲ್ಲ. ಎತ್ತರದಿಂದ ಬಿದ್ದು ಆದ ಗಾಯ ಎಂಬುದನ್ನು ತಳ್ಳಿಹಾಕಲಾಗದು.

"ಬಿದ್ದೆ ಅಂತಲೇ ಬರೆದ್ರಾ?" ಎಂದ ಗಂಡ.

"ಹಾಗೇ ಬರೆದಿದ್ದಾರೆ. ಮೇಲ್ಮನವಿ ಹಾಕಬಹುದು. ಅದಕ್ಕೆ ತೀರ್ಪಿನ ನಕಲು ಬೇಕು. ಹಾಕೋದು ಬಿಡೋದು ನಿಮಗೆ ಸೇರಿದ್ದು. ನಾನಂತೂ ಇದ್ದೀನಿ." ಅವರ ಕಣ್ಣು ಕೆಂಪಾಗಿತ್ತು. ಇನ್ನೊಂದು ಕೇಸು ಕೂಗಿದರೆಂದು ಓಡಿದರು.

ನನಗೆ ಅಳು ಬರಲಿಲ್ಲ. ಸಿಟ್ಟೂ ಬರಲಿಲ್ಲ. ಜ್ವರ ಬಿಟ್ಟ ಮೇಲೆ ನಾಲಿಗೆ ಇರುತ್ತದಲ್ಲ, ಹಾಗಿತ್ತು ಮೈಯೆಲ್ಲ.

"ಅಮ್ಮಾ," ಎಂದರು ಯಾರೋ.

ತಿರುಗಿದೆ. ಸಮವಸ್ತ್ರ ಇಲ್ಲದ್ದರಿಂದ ಮೊದಲು ಗುರುತು ಸಿಗಲಿಲ್ಲ. ಠಾಣೆಯ ಬಾಗಿಲ ಹತ್ತಿರ ಕೂತು ಬರೆಯುತ್ತಿದ್ದ ಮುಖ್ಯ ಪೇದೆ. ನಿವೃತ್ತನಾಗಿ ನಾಲ್ಕು ತಿಂಗಳಾಯಿತಂತೆ. ಮಾಸಿದ ಅಂಗಿ. ಕೈಯಲ್ಲಿ ಛತ್ರಿ.

"ಇವತ್ತು ತೀರ್ಪು ಅಂತ ಗೊತ್ತಾಯ್ತು. ಬಂದೆ. ನಿದ್ದೆ ಬರಲ್ಲಮ್ಮಾ ನನಗೆ." ಆಚೀಚೆ ನೋಡಿ ದನಿ ತಗ್ಗಿಸಿದ. "ಅವತ್ತು ನನಗೂ ಕೇಳಿಸಿತ್ತು. ನೀವು ಎದ್ದು ರಸ್ತೆ ದಾಟಿದ್ದನ್ನ ನೋಡ್ದೆ. ನನಗೆ ಎದ್ದು ಹೋಗೋಕೂ ಆಗಲಿಲ್ಲ. ಡ್ಯೂಟಿ." ಗಂಡನ ಕಡೆ ತಿರುಗಿದ. "ಒಳಗೆ ಬಂದು ನಿನಗೆ ನೀರು ಕುಡಿಸಿದ್ದು ನಾನೇ ಕಣಪ್ಪಾ. ನೆನಪಿದ್ಯಾ?"

"ನೆನಪಿದೆ," ಎಂದ ಗಂಡ. "ಕುಡಿಸಿ ಬಾಗಿಲು ಹಾಕ್ಕೊಂಡು ಹೋದ್ರಿ."

ಮುದುಕ ಛತ್ರಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎರಡು ಕೈಯನ್ನೂ ಎತ್ತಿ ಮುಗಿದ. "ಕ್ಷಮಿಸಿಬಿಡಿ. ಅಷ್ಟು ಕೇಳೋಕೇ ಬಂದೆ."

ನಾನು ಆ ಕೈಗಳನ್ನೇ ನೋಡಿದೆ. ಎಷ್ಟು ಸಲೀಸಾಗಿ ಎದೆಯವರೆಗೆ ಬಂದು ಒಂದಕ್ಕೊಂದು ಸೇರಿಕೊಂಡವು. ಅಷ್ಟನ್ನು ಮಾಡಲು ನನ್ನ ಗಂಡನಿಗೆ ನಾನು ಬೇಕು.

"ನಮ್ಮ ಹತ್ರ ಹೇಳಬೇಡಿ. ಅಲ್ಲಿ ಹೇಳಿ," ಎಂದು ಕೋರ್ಟ್ ಹಾಲಿನ ಬಾಗಿಲು ತೋರಿಸಿದೆ.

"ತೀರ್ಪು ಆಗೋಯ್ತಲ್ಲಮ್ಮಾ."

"ಮೇಲೆ ಇನ್ನೊಂದು ಕೋರ್ಟಿದೆ. ಅಲ್ಲಿಗೆ ಹೋಗ್ತೀವಿ. ಬಂದು ಹೇಳಿ."

ಗಂಡ ನನ್ನ ಮುಖ ನೋಡಿದ. ಹೋಗುತ್ತೇವೆ ಎಂದು ನಾವಿನ್ನೂ ಮಾತಾಡಿಕೊಂಡಿರಲಿಲ್ಲ.

"ಪಿಂಚಣಿ ಇನ್ನೂ ಮಂಜೂರಾಗಿಲ್ಲಮ್ಮಾ," ಎಂದ ಮುದುಕ. ಕೈ ಮುಗಿದೇ ಇದ್ದ. "ಈ ವಯಸ್ಸಲ್ಲಿ..."

"ಹಾಗಾದ್ರೆ ಕೈ ಇಳಿಸಿ."

ಅವನು ನಿಂತೇ ಇದ್ದ.

"ಇಳಿಸಿ," ಎಂದೆ.

ಇಳಿಸಿದ.

ನಾವು ನಕಲು ವಿಭಾಗದ ಕಿಟಕಿಯ ಹತ್ತಿರ ಹೋಗಿ ಸಾಲಿನಲ್ಲಿ ನಿಂತೆವು. ಮುಂದೆ ಹನ್ನೊಂದು ಜನ ಇದ್ದರು.